ಪಂಪ್‌ಮನೆಯ ಮೇಲಿನ ಕೂಗು

ಭಾನುವಾರ ಬೆಳಗ್ಗೆ ಡಬ್ಬ ಬಾರಿಸಬೇಡಿ ಎಂದು ಯಜಮಾನರ ಮಗಳು ಹೇಳಿದಾಗಲೇ ಕೂಗಣ್ಣನಿಗೆ ಅನುಮಾನ ಹತ್ತಿತ್ತು. ಹೊಲ, ದ್ರಾಕ್ಷಿತೋಟ ಸುತ್ತಿ ಹಕ್ಕಿ ನೋಡಲು ಪಟ್ಟಣದಿಂದ ಕೆಲವರು ಬರುತ್ತಾರೆ, ಅವರ ಜೊತೆ ನಡೆದರೆ ಸಾಕು ಎಂದಿದ್ದಳು. ಹಕ್ಕಿ ಓಡಿಸುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವನಿಗೆ ಹಕ್ಕಿ ಓಡಿಸಬೇಡ ಎಂದರೆ ಏನರ್ಥ? ಅವನು ಮನೆಗೆ ಬಂದು ಹೆಂಡತಿಗೆ ಡಬ್ಬ ತೋರಿಸಿದ, ಆಮೇಲೆ ಬಾಗಿಲು ತೋರಿಸಿದ. ನನ್ನನ್ನು ಹೊರಗೆ ಹಾಕುತ್ತಾರೆ ಎಂದು ಅದರ ಅರ್ಥ.

"ಇಲ್ಲದ್ದೆಲ್ಲ ತಲೆಗೆ ಹಚ್ಕೋಬೇಡಿ ರೀ," ಎಂದಳು ಅವಳು. ತೋಟದ ಶೆಡ್ಡಿನಲ್ಲಿ ದ್ರಾಕ್ಷಿ ವಿಂಗಡಿಸುವುದು ಅವಳ ಕೆಲಸ. "ಬಂದೋರಿಗೆ ಟೀ ತರೋಕೆ ನನಗೂ ಹೇಳಿದಾರೆ. ಹೊರಗೆ ಹಾಕೋರು ಯಾರಾದ್ರೂ ಹೆಂಡ್ತಿ ಕೈಲಿ ಟೀ ಮಾಡಿಸ್ತಾರಾ?"

ಕೂಗಣ್ಣ ಎಂಬುದು ತೋಟದವರು ಇಟ್ಟ ಹೆಸರು. ಹಣ್ಣಿಗೆ ಸಿಹಿ ಇಳಿಯುವ ಕಾಲದಲ್ಲಿ ಅವನು ಅಟ್ಟಣೆ ಏರಿ ಒಂದು ಕೂಗು ಹಾಕಿದನೆಂದರೆ ಬಳ್ಳಿಸಾಲುಗಳ ಆ ತುದಿಯ ಹಕ್ಕಿಗಳೂ ಎದ್ದು ಹಾರುತ್ತಿದ್ದವು. 'ಹೋ... ಹೋಯ್' ಎಂದು ಹೊಟ್ಟೆಯಿಂದ ಎದ್ದು, ನಡುವೆ ಒಡೆದು, ಕೊನೆಗೆ 'ಹೊಹ್ಹೊಹ್ಹೋ' ಎಂದು ಮೇಲೇರುವ ಕೂಗು. ರಸ್ತೆಯಲ್ಲಿ ಸೈಕಲ್ ತುಳಿಯುವವರು ತಮ್ಮನ್ನೇ ಕರೆದರೆಂದು ಇಳಿದು ನಿಂತದ್ದುಂಟು. ಅವನು ಕೂಗಿದ ಕಡೆಯ ವರ್ಷ ಆ ಕೂಗಿನ ಬೆನ್ನಿಗೇ ಎರಡು ಕೆಮ್ಮು ಬರತೊಡಗಿತು. ಬಳ್ಳಿಗೆ ಹೊಡೆಯುವ ಔಷಧಿಯ ಘಾಟು ಎಂದುಕೊಂಡರು. ಗಂಟಲಲ್ಲಿ ಗಡ್ಡೆ ಎಂದು ಗೊತ್ತಾಗುವ ಹೊತ್ತಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು. ಈಗ ಕತ್ತಿನ ಬುಡದ ರಂಧ್ರದಲ್ಲಿ ಉಸಿರಾಟ, ಅದರ ಮೇಲೊಂದು ತೆಳ್ಳನೆಯ ಬಟ್ಟೆ. ಮಾತಿಲ್ಲ, ಸಿಳ್ಳೆಯೂ ಇಲ್ಲ. ಹೆಸರು ಮಾತ್ರ ಹಾಗೇ ಉಳಿಯಿತು. ಬದಲಿಸಬೇಕೆಂದು ಯಾರಿಗೂ ತೋಚಲಿಲ್ಲ.

ಅಲ್ಲಿಂದೀಚೆಗೆ ಐದು ಹಂಗಾಮು ತಗಡಿನ ಡಬ್ಬ ಬಾರಿಸಿಯೇ ಸಾಗಿತ್ತು. ಹಕ್ಕಿಗಳು ಡಬ್ಬಕ್ಕೆ ಒಗ್ಗಿಹೋಗಿದ್ದವು. "ಗಂಟಲಿರೋರು ಒಬ್ರು ಬೇಕೇನೋ, ನೋಡೋಣ," ಎಂದು ಯಜಮಾನರು ಮೇಸ್ತ್ರಿಯ ಹತ್ತಿರ ಅಂದದ್ದು ಅವನ ಕಿವಿಗೂ ಬಿದ್ದಿತ್ತು. ಆ 'ನೋಡೋಣ' ಅವನನ್ನು ನೆಮ್ಮದಿಯಾಗಿ ಉಣ್ಣಲು ಬಿಟ್ಟಿರಲಿಲ್ಲ.

ಭಾನುವಾರವೂ ಡಬ್ಬ ಬಿಟ್ಟು ಬರಲು ಮನಸ್ಸಾಗಲಿಲ್ಲ. ಸದ್ದಾಗದಂತೆ ಅದರೊಳಗೆ ಟವೆಲ್ ತುರುಕಿ, ಬಾರಿಸುವ ಕೋಲಿನ ಜೊತೆ ಕಂಕುಳಲ್ಲಿ ಇಟ್ಟುಕೊಂಡ. ನಡಿಗೆ ಹೊಲದ ಬದುವಿನಿಂದ ಶುರುವಾಯಿತು. ಮುಂದೆ ಯಜಮಾನರ ಮಗಳು, ಹಿಂದೆ ಪಟ್ಟಣದವರು, ಕೊನೆಯಲ್ಲಿ ಫ್ಲಾಸ್ಕ್ ಹಿಡಿದ ಹೆಂಡತಿ. ದೊಡ್ಡ ಟೋಪಿ ಹಾಕಿಕೊಂಡಿದ್ದ ಹಿರಿಯರೊಬ್ಬರು ತಮ್ಮ ದುರ್ಬೀನನ್ನು ಅವನ ಕೈಗಿತ್ತು, "ನಿಮಗೇನು, ದಿನಾ ನೋಡ್ತೀರಿ," ಎಂದರು.

ಅವನು ನೋಡಿರಲಿಲ್ಲ. ಇಷ್ಟು ವರ್ಷ ಅವನು ಕಂಡದ್ದು ಓಡಿಹೋಗುವ ಹಕ್ಕಿಗಳ ಬೆನ್ನು ಮಾತ್ರ. ಎಲ್ಲಕ್ಕೂ ಅವನಲ್ಲಿದ್ದುದು ಒಂದೇ ಹೆಸರು, ಕಳ್ಳರು. ಈಗ ತಂತಿಯ ಮೇಲೆ ಗೇಣುದ್ದದ ಹಸಿರು ಹಕ್ಕಿಯೊಂದು ಕೊಕ್ಕಿನಲ್ಲಿ ಕಣಜ ಹಿಡಿದು, ಬಟ್ಟೆ ಒಗೆದ ಹಾಗೆ ತಂತಿಗೆ ಬಡಿಯುತ್ತಿತ್ತು. ಬಡಿದು ಬಡಿದು ನುಂಗಿತು. ಆಮೇಲೆ ಅದರ ಕೆಂಪು ಕಣ್ಣು ನೇರ ಅವನ ಕಡೆ ತಿರುಗಿತು. ಬಾಗಿಲು ತಟ್ಟದೆ ಯಾರದೋ ಮನೆಯೊಳಗೆ ಕಾಲಿಟ್ಟವನಂತೆ ಬೆಚ್ಚಿ ಅವನು ದುರ್ಬೀನು ಇಳಿಸಿದ.

ದ್ರಾಕ್ಷಿಸಾಲಿಗೆ ಕಾಲಿಡುತ್ತಿದ್ದಂತೆ ತೋಟದ ಆ ತುದಿಯಿಂದ ಕೂಗು ಬಂತು.

ಗಂಡಸಿನ ಕೂಗು, ಒರಟು ಗಂಟಲು. ದೂರದ ಸಾಲುಗಳಿಂದ ಗುಬ್ಬಿಗಳ ಹಿಂಡು ಬುರ್ರೆಂದು ಎದ್ದಿತು. ಪಟ್ಟಣದವರು, "ಅಯ್ಯೋ, ಎಲ್ಲ ಹಾರಿಸಿಬಿಟ್ರಲ್ಲ!" ಎಂದು ಗೊಣಗಿದರು. ಕೂಗಣ್ಣ ನಿಂತುಬಿಟ್ಟ. ಹಾಗಾದರೆ ಹೊಸಬನನ್ನು ತಂದಾಯಿತು. ಹಳಬನಿಗೆ ನಡಿಗೆಯ ನೆಪ ಹೇಳಿ, ಅತ್ತ ಹೊಸಬನ ಗಂಟಲು ಪರೀಕ್ಷೆ ಮಾಡುತ್ತಿದ್ದಾರೆ. ಅವನು ಹೆಂಡತಿಯ ಕಡೆ ತಿರುಗಿದ. ಅವಳ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಜಾರಿ ಬಿದ್ದದ್ದೂ ಅವಳಿಗೆ ತಿಳಿದಿರಲಿಲ್ಲ. ಇವಳಿಗೂ ಗೊತ್ತಿತ್ತು! ಗೊತ್ತಿದ್ದೂ ಟೀ ಮಾಡಿಕೊಂಡು ಬಂದಿದ್ದಾಳೆ.

ಅವನು ಸಾಲಿನೊಳಗೆ ನುಗ್ಗಿ ಓಡಿದ. ಕತ್ತಿನ ಬಟ್ಟೆಯಡಿಯಲ್ಲಿ ಉಸಿರು ಸುಯ್ ಸುಯ್ ಎನ್ನುತ್ತಿತ್ತು. ಸಾಲು ಮುಗಿಯುವಲ್ಲಿ ಪಂಪ್‌ಮನೆ. ಅಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಬೀಗ. ಹಿಂದೆ ಹೋಗಿ ನೋಡಿದ, ಪೈಪುಗಳು, ಒಂದು ಹರಿದ ಗೋಣಿಚೀಲ. ಅಷ್ಟರಲ್ಲಿ ನೆತ್ತಿಯ ಮೇಲೆಯೇ ಆ ಮನುಷ್ಯ ಕೂಗಿದ.

ಕತ್ತೆತ್ತಿದರೆ ಸೂರಿನ ತಗಡಿನ ಅಂಚಿನಲ್ಲಿ ಒಂದು ಗೊರವಂಕ. ಕಂದು ಮೈ, ಹಳದಿ ಕಾಲು, ಕಣ್ಣಿನ ಸುತ್ತ ಹಳದಿ ಪಟ್ಟಿ. ಕತ್ತಿನ ಗರಿ ನಿಗುರಿಸಿ, ತಲೆ ಬಗ್ಗಿಸಿ ಎತ್ತಿ, ಅದೇ ಕೂಗಿತು: ಹೋ... ಹೋಯ್... ಹೊಹ್ಹೊಹ್ಹೋ.

ಉಳಿದವರೆಲ್ಲ ಏದುಸಿರು ಬಿಡುತ್ತ ಬಂದು ನಿಂತರು. ಕೂಗಣ್ಣ ಹಕ್ಕಿಯನ್ನು ತೋರಿಸಿ ಎರಡೂ ಕೈ ತಿರುಗಿಸಿದ: ಇದಕ್ಕೆ ಯಾರು ಕಲಿಸಿದ್ದು? ಯಾರವನು?

"ರೀ," ಎಂದಳು ಹೆಂಡತಿ. "ಅದು ನೀವು."

ಅವನು ತಲೆಯಾಡಿಸಿದ. ಸಾಧ್ಯವೇ ಇಲ್ಲ. ತನ್ನ ಕೂಗು ಗಂಭೀರವಾಗಿತ್ತು, ತುಂಬಿಕೊಂಡಿತ್ತು. ಇದು ತಗಡು ಎಳೆದ ಹಾಗಿದೆ. ಅವನು ಮೂಗು ಸಿಂಡರಿಸಿ ಅವಳ ಮುಖ ನೋಡಿದ: ನಂದು ಇಷ್ಟು ಕೆಟ್ಟದಾಗಿತ್ತಾ?

"ಇನ್ನೂ ಕೆಟ್ಟದಾಗಿತ್ತು," ಎಂದಳು ಅವಳು, ಅಳುತ್ತಲೇ ನಗುತ್ತ. "ಇದೇ ಸ್ವಲ್ಪ ನಯ ಮಾಡ್ಕೊಂಡಿದೆ."

ಗೊರವಂಕ ಮತ್ತೊಮ್ಮೆ ಕೂಗಿತು. ಈ ಸಲ ಕೂಗು ಮುಗಿದ ಮೇಲೆ ಅದರ ಎದೆ ಅದುರಿ, ಎರಡು ಕೆಮ್ಮು ಬಂದವು. ಒಣ ಕೆಮ್ಮು, ಒಂದರ ಹಿಂದೆ ಒಂದು.

ಕೂಗಣ್ಣನ ಕೈ ತಾನಾಗಿ ಕತ್ತಿನ ಬಟ್ಟೆಗೆ ಹೋಯಿತು. ಕೂಗನ್ನು ಅವನು ಗುರುತಿಸಿರಲಿಲ್ಲ. ಕೆಮ್ಮನ್ನು ಗುರುತಿಸಿದ. ಅದು ಎದೆಯಲ್ಲಿ ಎಲ್ಲಿಂದ ಏಳುತ್ತಿತ್ತು, ಎಲ್ಲಿ ಕೆರೆಯುತ್ತಿತ್ತು, ಎಲ್ಲ ಗೊತ್ತಿತ್ತು. ಡಾಕ್ಟರು ಕತ್ತರಿಸಿ ಎಸೆದದ್ದು ಪಂಪ್‌ಮನೆಯ ಸೂರಿನ ಮೇಲೆ ಕುಳಿತು ಕೆಮ್ಮುತ್ತಿತ್ತು. ಅವನು ಹಾಗೇ ಪೈಪಿನ ಮೇಲೆ ಕೂತ.

"ಇದೇ ನಿಮ್ಮಿಂದ ಕೇಳಿ ಕಲಿತಿರ್ಬೇಕು, ಇಲ್ಲಾ ಇದರ ಅಪ್ಪ ಕಲಿಸಿರ್ಬೇಕು," ಎಂದರು ಟೋಪಿಯವರು ಮೆಲ್ಲಗೆ. ಇಷ್ಟು ದಿನ ಯಾರಿಗೂ ಕೇಳಿಸದಿದ್ದುದೇಕೆ ಎಂದು ಯಾರೂ ಕೇಳಲಿಲ್ಲ. ಹಣ್ಣಿನ ಕಾಲದಲ್ಲಿ ಡಬ್ಬ ಸುಮ್ಮನಿದ್ದ ಬೆಳಗು ಇದೊಂದೇ.

ಯಜಮಾನರ ಮಗಳು ಅವನ ಎದುರು ಕುಕ್ಕರುಗಾಲಲ್ಲಿ ಕೂತಳು. "ಹೊಸಬರು ಬಂದ್ರು ಅಂದ್ಕೊಂಡು ಓಡಿದ್ರಾ ಕೂಗಣ್ಣ?" ಅವನು ಹೌದೆಂದು ತಲೆಯಾಡಿಸಿದ. ಅವಳು ನೆಲ ನೋಡಿದಳು. "ಅಪ್ಪ ಅಂದಿದ್ದು ನಿಜ. ಇವತ್ತು ಹೋಗಿ ಹೇಳ್ತೀನಿ. ಕೂಗೋಕೆ ಒಬ್ರಿದಾರೆ, ಡಬ್ಬ ಬಾರಿಸೋಕೆ ಒಬ್ರಿದಾರೆ, ಮೂರನೆಯವರು ಯಾಕೆ? ಅಪ್ಪ ಬೇಡ ಅಂದ್ರೆ ಇಲ್ಲಿಗೇ ಕರ್ಕೊಂಡು ಬಂದು ಕೇಳಿಸ್ತೀನಿ."

ಅವನು ಅವಳ ಮಾತಿಗೆ ಕೈಮುಗಿಯುವುದರೊಳಗೆ ಗೊರವಂಕ ಸೂರಿನಿಂದ ಇಳಿಯಿತು. ಗುಬ್ಬಿಗಳೆಲ್ಲ ಹೆದರಿ ಹೋಗಿದ್ದವು, ಸಾಲು ಖಾಲಿ. ತುದಿಯ ಬಳ್ಳಿಯಲ್ಲಿ ಅದು ಆರಾಮಾಗಿ ಕೂತು, ಒಳ್ಳೆಯ ಗೊಂಚಲೊಂದನ್ನು ಆರಿಸಿಕೊಂಡು, ಒಂದು ಹಣ್ಣಿಗೆ ಕೊಕ್ಕು ಹಾಕಿತು.

ಎಲಾ ಕಳ್ಳ! ತನ್ನ ಗಂಟಲಲ್ಲೇ ಊರನ್ನೆಲ್ಲ ಓಡಿಸಿ, ತನ್ನ ಕಣ್ಣೆದುರೇ, ಯಜಮಾನರ ಮಗಳ ಎದುರೇ! ಕೂಗಣ್ಣ ಎದ್ದ. ಡಬ್ಬದಿಂದ ಟವೆಲ್ ಕಿತ್ತು, ಕೋಲು ಎತ್ತಿದ.

ಹೆಂಡತಿ ಡಬ್ಬದ ಮೇಲೆ ಅಂಗೈ ಇಟ್ಟಳು. "ತಿನ್ಲಿ ಬಿಡ್ರಿ," ಎಂದಳು. "ತಿಂದಾದ್ಮೇಲೆ ಇನ್ನೊಂದ್ಸಲ ಕೂಗುತ್ತೇನೋ. ನನಗೆ ನಿಮ್ಮ ದನಿ ಮರೆತೇ ಹೋಗಿತ್ತು."

ಇಷ್ಟು ವರ್ಷದಲ್ಲಿ ಅವಳು ಇದನ್ನು ಹೇಳಿರಲಿಲ್ಲ. ಅವನು ಯಜಮಾನರ ಮಗಳ ಕಡೆ ನೋಡಿದ. ಅವಳು ಟೀ ಲೋಟ ಹಿಡಿದು, ಬೇಕೆಂದೇ ರಸ್ತೆಯ ಕಡೆ ತಿರುಗಿ ನಿಂತಿದ್ದಳು. ಕೂಗಣ್ಣ ಕೋಲು ಇಳಿಸಿ, ಟವೆಲನ್ನು ಮತ್ತೆ ಡಬ್ಬದೊಳಗೆ ತುರುಕಿ, ಹಕ್ಕಿ ತಿನ್ನುವುದನ್ನು ನೋಡುತ್ತ ಕೂತ.