ಇಮಾಂಬಿಯ ಮನೆಗೆ ಕರೆದೊಯ್ದ ಹಾಲಮ್ಮ ಅಕ್ಕೋರು

ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹಾಲಮ್ಮ ಅಕ್ಕೋರು ತರಗತಿಯ ಬಾಗಿಲಲ್ಲಿ ನಿಂತು ನಮ್ಮ ಉಗುರು ನೋಡುತ್ತಿದ್ದರು. ಬೇರೆ ಮೇಷ್ಟ್ರುಗಳೂ ನೋಡುತ್ತಿದ್ದರು. ಕೊಳೆ ಕಂಡರೆ ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. ಅಕ್ಕೋರು ಮಾತ್ರ ನಮ್ಮ ಕೈಯನ್ನು ತಮ್ಮ ಅಂಗೈಯಲ್ಲಿ ತುಸು ಹೊತ್ತು ಹಿಡಿದಿರುತ್ತಿದ್ದರು. ಯಾರ ಕೈ ತಣ್ಣಗಿದೆ, ಯಾರದು ನಡುಗುತ್ತಿದೆ, ಯಾರು ಹಿಂದಕ್ಕೆ ಎಳೆದುಕೊಳ್ಳುತ್ತಾರೆ ಎಂಬುದು ಅಷ್ಟರಲ್ಲೇ ಅವರಿಗೆ ತಿಳಿದುಬಿಡುತ್ತಿತ್ತು. ಹಸಿದು ಬಂದವರಿಗೆ ತಮ್ಮ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದರು. "ಹೊಟ್ಟ್ಯಾಗ ಸಂಕಟ ಇಟ್ಕಂಡು ಮಗ್ಗಿ ಹೇಳಾಕೆ ಆಗಲ್ಲ" ಎನ್ನುವುದು ಅವರ ಮಾತು. ಸಂಕಟ ಎಂದರೆ ಹಸಿವು ಎಂದಷ್ಟೇ ನಾವು ತಿಳಿದಿದ್ದೆವು.

ನಮ್ಮದು ಹರಿಹರದಲ್ಲಿ ಹೊಳೆಗೆ ಹತ್ತಿರದ ಪ್ರೈಮರಿ ಶಾಲೆ. ಐವತ್ತರ ದಶಕದ ಕೊನೆಯ ವರ್ಷಗಳು. ಅಕ್ಕೋರ ಯಜಮಾನರು ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಗುಮಾಸ್ತರು. ಅಕ್ಕೋರು ದಿನವೂ ಅಲ್ಲಿಂದ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಕರಿ ಕೊಡೆ ಹಿಡಿದು ಬಿರಬಿರನೆ ನಡೆದು ಬರುತ್ತಿದ್ದರು. ಅವರ ಶಿಕ್ಷೆಗಳೂ ವಿಚಿತ್ರ. ಹೊಡೆದಾಡಿದ ಇಬ್ಬರು ಹುಡುಗರ ಕೈಗೆ ಒಂದೇ ಕೊಡ ಕೊಟ್ಟು, ಒಂದು ಹನಿ ಚೆಲ್ಲದಂತೆ ಬಾವಿಯಿಂದ ನೀರು ತರಲು ಕಳಿಸುತ್ತಿದ್ದರು. ಮಾತು ಬಿಟ್ಟವರು ಅರ್ಧ ದಾರಿಯಲ್ಲೇ "ಲೇ, ಮೆಲ್ಲಗೆ ನಡಿಯೋ" ಎನ್ನಲೇಬೇಕಾಗುತ್ತಿತ್ತು. ಹಾಗೆ ಎಷ್ಟೋ ಜಗಳಗಳು ಬಾವಿಕಟ್ಟೆಯಲ್ಲೇ ಮುಗಿದವು.

ನನ್ನ ಜಗಳ ಮಾತ್ರ ಹಾಗೆ ಮುಗಿಯಲಿಲ್ಲ.

ಮೂರನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಇಮಾಂಬಿ. ಅವಳ ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರು. ಅವಳ ಜಡೆಯಲ್ಲಿ ಯಾವಾಗಲೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಒಂದು ಶನಿವಾರ ಅವಳು ನನ್ನ ಹೊಸ ಬಳಪ ಮುರಿದಳು. ನಾನು ಸಿಟ್ಟಿನಿಂದ, "ನೀ ಸತ್ತು ಹೋಗು" ಎಂದೆ. ಅವಳು ನಾಲಿಗೆ ಚಾಚಿ ಅಣಕಿಸಿ ಮನೆಗೆ ಓಡಿದಳು.

ಸೋಮವಾರ ಅವಳು ಬರಲಿಲ್ಲ. ಭಾನುವಾರ ತಾಯಿಯ ಜೊತೆ ಬಟ್ಟೆ ಒಗೆಯಲು ಹೋದಾಗ ಮೆಟ್ಟಿಲ ಮೇಲೆ ಕಾಲು ಜಾರಿತಂತೆ. ಮಳೆಗಾಲದ ತುಂಬಿದ ಹೊಳೆ. ಹೆಣ ಸಿಕ್ಕಿದ್ದು ಮಾರನೆಯ ಬೆಳಿಗ್ಗೆ. ಹೆಡ್‌ಮೇಷ್ಟ್ರು ಬಂದು ಇಷ್ಟನ್ನು ಹೇಳಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದು, ಶಾಲೆಗೆ ರಜೆ ಕೊಟ್ಟರು. ನನಗೆ ಅಳು ಬರಲಿಲ್ಲ. ನಾನು ಹೇಳಿದೆ, ಅವಳು ಸತ್ತಳು. ಇಷ್ಟೇ ನನಗೆ ಗೊತ್ತಿದ್ದುದು.

ಮರುದಿನ ಹೆಡ್‌ಮೇಷ್ಟ್ರು ತರಗತಿಯಲ್ಲಿ ಯಾರೂ ಆ ಹುಡುಗಿಯ ಮಾತು ಎತ್ತಕೂಡದು ಎಂದು ತಾಕೀತು ಮಾಡಿದರು. ಬಾಗಿಲ ಬಳಿ ನಿಂತು ಅವರು ಅಕ್ಕೋರಿಗೆ ಹೇಳಿದ್ದು ನನಗೆ ಕೇಳಿಸಿತು.

"ಸಣ್ಣ ಹುಡುಗರು, ಮರೀತಾವೆ ಬಿಡ್ರಿ."

"ಮರಿಯಲ್ಲ ಸಾರ್. ಮಾತಾಡದು ಬಿಡ್ತಾವೆ, ಅಷ್ಟೆ" ಎಂದರು ಅಕ್ಕೋರು.

ನಾನು ಮಾತು ಬಿಟ್ಟೆ. ಊಟವೂ ಸೇರುತ್ತಿರಲಿಲ್ಲ. ಅಜ್ಜಿ ದೃಷ್ಟಿ ತೆಗೆದು ತಾಯಿತ ಕಟ್ಟಿಸಿದಳು. ನಾಲ್ಕನೆಯ ದಿನವೋ ಐದನೆಯ ದಿನವೋ ಉಗುರು ನೋಡುವಾಗ ಅಕ್ಕೋರು ನನ್ನ ಕೈ ಬಿಡಲಿಲ್ಲ. ಸಾಲು ಮುಗಿಯುವ ತನಕ ಪಕ್ಕದಲ್ಲೇ ನಿಲ್ಲಿಸಿಕೊಂಡು, ಆಮೇಲೆ ಬೇವಿನ ಮರದ ಕೆಳಗೆ ಕೂರಿಸಿಕೊಂಡರು. ಏನಾಯಿತೆಂದು ಕೇಳಲಿಲ್ಲ. ಶನಿವಾರ ನಾನು ಅಂದದ್ದನ್ನು ನಾನೇ ಹೇಳಿದೆ.

ಅವರು ಬೈಯಲಿಲ್ಲ, ನಿನ್ನ ತಪ್ಪಿಲ್ಲ ಎಂದು ಸಮಾಧಾನವನ್ನೂ ಹೇಳಲಿಲ್ಲ. ಅವತ್ತು ಸಂಜೆ ಶಾಲೆ ಬಿಟ್ಟ ಮೇಲೆ, "ಬಾರವ್ವ ಗೌರಿ, ಅವರ ಮನೆಗೆ ಹೋಗನ" ಎಂದರು. ನಾನು ಅವರ ಸೆರಗು ಹಿಡಿದು ಹಿಂದೆ ನಡೆದೆ.

ಇಮಾಂಬಿಯ ತಾಯಿ ಗೋಡೆಗೆ ಒರಗಿ ಕೂತಿದ್ದರು. ಹಿಂಜಿದ ಹತ್ತಿ ಮೂಲೆಯಲ್ಲಿ ರಾಶಿ ಬಿದ್ದಿತ್ತು. "ಬರ್ರಿ ಅಕ್ಕೋರೆ, ಕೂಡ್ರಿ" ಎಂದು ಚಾಪೆ ಸರಿಸಿದರು. ಅಕ್ಕೋರು ನನ್ನ ಬೆನ್ನ ಮೇಲೆ ಕೈಯಿಟ್ಟರು. ನಾನು ನೆಲ ನೋಡುತ್ತಾ ಹೇಳಿದೆ: ಬಳಪದ ಜಗಳ, ನಾನು ಅಂದದ್ದು, ಎಲ್ಲ.

ಆ ತಾಯಿ ನನ್ನನ್ನೇ ನೋಡಿದರು. ಹೊಡೆಯುತ್ತಾರೆಂದುಕೊಂಡೆ.

"ನಾನೂ ಅಂದಿದ್ನೆವ್ವಾ" ಎಂದರು. "ಅವತ್ತು ಬಟ್ಟೆ ಗಂಟು ಹೊರಾಕೆ ಒಲ್ಲೆ ಅಂದ್ಲು. ಸಾಯಿ ಅತ್ಲಾಗೆ ಅಂತ ಬೈದು ಹೊಳಿಗೆ ಎಳ್ಕಂಡು ಹೋದೆ. ಅವರಪ್ಪಗೂ ಹೇಳಿಲ್ಲ ನಾನು."

ನಾನು ದಿಗ್ಭ್ರಮೆಯಿಂದ ಅಕ್ಕೋರ ಮುಖ ನೋಡಿದೆ. ಅವರು ಬಿಳಿಚಿಕೊಂಡಿದ್ದರು, ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತರು. ಇಮಾಂಬಿಯ ತಾಯಿ ನನ್ನನ್ನು ಎಳೆದು ಎದೆಗೆ ಅವಚಿಕೊಂಡು ಅತ್ತರು. ಅಷ್ಟು ದಿನ ಬಾರದಿದ್ದ ಅಳು ನನಗೂ ಬಂತು. ಎಷ್ಟು ಹೊತ್ತು ಅತ್ತೆವೋ ತಿಳಿಯದು.

ಮಾರನೆಯ ದಿನ ಅಕ್ಕೋರು ಹೆಡ್‌ಮೇಷ್ಟ್ರ ತಾಕೀತು ಮೀರಿ, ಇಮಾಂಬಿಯ ಬಗ್ಗೆ ಯಾರಿಗೆ ಏನು ನೆನಪಿದೆಯೋ ಹೇಳಿರೆಂದರು. ಒಬ್ಬ ಅವಳು ಸೀಬೆಕಾಯಿ ಕದ್ದದ್ದು ಹೇಳಿದ. ಎಲ್ಲರೂ ನಕ್ಕರು, ಕೆಲವರು ಅತ್ತರು. ಆದರೆ ಸಾವಿನ ಮನೆಗೆ ಹೇಳದೆ ಕೇಳದೆ ಮಗಳನ್ನು ಕರೆದೊಯ್ದರೆಂದು ನಮ್ಮ ಅಪ್ಪ ಶಾಲೆಗೆ ಹೋಗಿ ಕೂಗಾಡಿದರು. ದಸರಾ ರಜೆ ಮುಗಿಸಿ ಬಂದಾಗ ಅಕ್ಕೋರು ಇರಲಿಲ್ಲ. ಅಪ್ಪನ ದೂರಿನ ಮೇಲೆ ಬಾತಿ ಎಂಬ ಹಳ್ಳಿಗೆ ವರ್ಗವಾಗಿತ್ತು. ನಾನು ಬಾಯಿ ಬಿಡದೇ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದು ಆಗ ಅನಿಸಿತ್ತು.

ಮತ್ತೆ ಅವರನ್ನು ಕಂಡದ್ದು ಕಾಲೇಜು ಸೇರಿದ ಮೇಲೆ, ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು. ಅಪ್ಪನ ಪರವಾಗಿ ಕ್ಷಮೆ ಕೇಳಿದೆ. ಇಮಾಂಬಿಯ ತಾಯಿ ಹಾಗೆ ಹೇಳುತ್ತಾರೆಂದು ತಿಳಿದೇ ನೀವು ನನ್ನನ್ನು ಕರೆದೊಯ್ದಿರಿ ಎಂದೆ.

"ಇಲ್ಲವ್ವ, ನಂಗೇನೂ ತಿಳಿದಿರಲಿಲ್ಲ" ಎಂದರು. "ಆಯಮ್ಮ ನಿಂಗೆ ಶಾಪ ಹಾಕಿದ್ರೆ ಏನ್ ಮಾಡ್ತಿದ್ದೆ ನಾನು? ಈಗ್ಲೂ ನೆನಸ್ಕಂಡ್ರೆ ಎದೆ ಝಲ್ ಅಂತೈತೆ. ನಿಮ್ಮಪ್ಪ ಬೈದಿದ್ರಾಗೆ ತಪ್ಪಿಲ್ಲ ಬಿಡು."

ಅಷ್ಟು ವರ್ಷ ಅವರಿಗೆ ಎಲ್ಲ ತಿಳಿದಿತ್ತೆಂದೇ ನಂಬಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಜನರ ನೂಕಾಟದಲ್ಲಿ ಅವರು ಹತ್ತಿ ಹೋದರು. ಮುಂದಿನ ವರ್ಷ ಅವರು ತೀರಿಕೊಂಡರಂತೆ. ನನಗೆ ಸುದ್ದಿ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ.

ಹೇಳಬೇಕಾದ ಉತ್ತರ ನನಗೆ ಹೊಳೆದದ್ದು ಅವತ್ತು ಬಸ್ಸು ಕಣ್ಮರೆಯಾದ ಮೇಲೆ. ಆ ತಾಯಿ ಶಾಪ ಹಾಕಿದ್ದರೂ ನಾನು ಒಬ್ಬಳೇ ನಿಂತು ಕೇಳುತ್ತಿರಲಿಲ್ಲ ಅಕ್ಕೋರೆ, ಪಕ್ಕದಲ್ಲಿ ನೀವಿದ್ದಿರಿ.