ಒಲೆಯಿಂದ ಬೀಡಿ ತಂದ ತಂಗಿ

ನನ್ನ ತಂಗಿಗೆ ಬೀಡಿ ಕಲಿಸಿದವನು ನಾನು. ಊರೆಲ್ಲ ಅವಳನ್ನು ಆಡಿಕೊಳ್ಳುವಾಗ ಇದನ್ನು ಹೇಳಬೇಕಿತ್ತು, ಬಹಳ ದಿನ ಹೇಳಲಿಲ್ಲ.

ನಿಜಾಮರ ಸರ್ಕಾರ ಹೋಗುವುದಕ್ಕೆ ಮೂರು ವರ್ಷ ಮೊದಲಿನ ಮಾತು. ನಾನು ಮಸ್ಕಿಯ ಪಿಂಜಾರ. ಬಿಲ್ಲಿನಿಂದ ಅರಳೆ ಹಿಂಜಿ ಗಾದಿ ತುಂಬುವುದು ನಮ್ಮ ಕಸುಬು. ಓದಿದ್ದು ಎರಡನೇ ಜಮಾತಿನವರೆಗೆ. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೂ ತಂಗಿ ಮಾಬವ್ವನಿಗೂ ನಾನೇ ದಿಕ್ಕು.

ಅಪ್ಪ ಒಂದು ನಿಯಮ ಬಿಟ್ಟುಹೋಗಿದ್ದ. ಅರಳೆ ಹಿಂಜುವವನ ಮೈಗೆಲ್ಲ ಎಳೆ ಅಂಟಿರುತ್ತದೆ, ಅವನು ಒಲೆಯ ಹತ್ತಿರ ಹೋಗಬಾರದು. ಹಾಗಾಗಿ ಬೀಡಿ ಬೇಕಾದಾಗ ನಾನು ಅಂಗಳಕ್ಕೆ ಬಂದು ಮೈ ಕೊಡವಿಕೊಂಡು ಕೂರುತ್ತಿದ್ದೆ. ಮಾಬವ್ವ ಒಲೆಯಲ್ಲಿ ಹೊತ್ತಿಸಿ ತರುತ್ತಿದ್ದಳು. ಶುರುವಾದಾಗ ಅವಳಿಗೆ ಎಂಟು ವರ್ಷ. ದಾರಿಯಲ್ಲಿ ಆರದಿರಲೆಂದು ಎರಡು ದಮ್ಮು ಎಳೆಯುವುದನ್ನೂ ನಾನೇ ಹೇಳಿಕೊಟ್ಟೆ. ಅವಳು ಕೆಮ್ಮಿದರೆ ಅವ್ವನೂ ನಾನೂ ನಗುತ್ತಿದ್ದೆವು.

ಹದಿಮೂರಕ್ಕೆ ಅವಳು ಗಾದಿಯ ಹೊಲಿಗೆಯಲ್ಲಿ ನನ್ನನ್ನೇ ಮೀರಿಸಿದ್ದಳು. ಲಿಂಗಸುಗೂರಿನ ಗುಮಾಸ್ತರೊಬ್ಬರ ಮನೆಗೆ, ಮದುವೆಗೆಂದು ಆರು ಗಾದಿ ಮಾಡಲು ಇಬ್ಬರೂ ಹೋದೆವು. ಎರಡನೆಯ ದಿನ ಮಧ್ಯಾಹ್ನ, ಹಿಂಜಿದ ಅರಳೆ ಇಟ್ಟ ಕೋಣೆಯಿಂದ ಹೊಗೆ ಬಂತು. ಅಲ್ಲಿ ಒಬ್ಬಳೇ ಕೂತು ಬೀಡಿ ಸೇದುತ್ತಿದ್ದ ಮಾಬವ್ವ, ಮನೆಯೊಡತಿಯ ಹೆಜ್ಜೆ ಕೇಳಿ ಅದನ್ನು ಬೆನ್ನ ಹಿಂದೆ ಮರೆಮಾಡಿದ್ದಳು. ಬೆನ್ನ ಹಿಂದೆಯೇ ಅರಳೆಯ ರಾಶಿ. ಹೊತ್ತಿದ್ದನ್ನು ಎಳೆದು ಹಾಕಲು ಹೋಗಿ ಅವಳ ಬಲ ಅಂಗೈ ಸುಟ್ಟಿತು. ಎರಡು ಗಾದಿಯ ಅರಳೆ ಬೂದಿಯಾಯಿತು.

"ಹೆಣ್ಣುಹುಡುಗಿಗೆ ಇದನ್ನ ಯಾರ್ ಕಲಿಸ್ಯಾರಪಾ?" ಎಂದು ಮನೆಯೊಡತಿ ನನ್ನನ್ನು ಕೇಳಿದರು.

"ನನಗ ಗೊತ್ತಿಲ್ರೀ ಅವ್ವಾರ," ಎಂದೆ. ಮಾಬವ್ವ ನನ್ನ ಮುಖ ನೋಡಿದಳು.

ಮಸ್ಕಿಗೆ ಬಂದ ಮೇಲೆ ಸುದ್ದಿ ಊರೆಲ್ಲ ಹಬ್ಬಿತು; ಅವ್ವ ಅವಳ ಸೂಜಿ ಕಿತ್ತುಕೊಂಡು ಬಚ್ಚಿಟ್ಟಳು. ಇನ್ನು ಯಾರ ಮನೆಗೂ ಕೆಲಸಕ್ಕೆ ಕಳಿಸುವುದಿಲ್ಲ ಎಂದಳು. ಹುಡುಗಿಗೆ ಉಳಿದದ್ದು ಮನೆಯ ಮೂಲೆ. ಅಲ್ಲಿ ಕದ್ದು ತಂಬಾಕು ಜಗಿಯತೊಡಗಿದಳು. ನನ್ನೊಂದಿಗೆ ಮಾತು ಬಿಟ್ಟಳು.

ಆಗ ಸಾಲಗುಂದದಿಂದ ಸೋದರಮಾವ ಬಂದ. ಹುಡುಗಿಯ ಗುಣವೇ ಕೆಟ್ಟದ್ದು, ನಿನ್ನದೇನು ತಪ್ಪು ಎಂದು ನನಗೆ ಸಮಾಧಾನ ಹೇಳಿದ. ಹೇಳುತ್ತಲೇ ಬೀಡಿ ತೆಗೆದು ಅವಳತ್ತ ಚಾಚಿದ: "ಮಾಬವ್ವ, ಹಚ್ಚಿಗೊಂಡು ಬಾರವ್ವ."

ಅವಳು ಕೂತಲ್ಲಿಂದ ಏಳಲಿಲ್ಲ. "ಯಾವ ಕೈಲೆ ತರ್ಲಿ ಮಾವ? ಸುಟ್ಟ ಕೈಲೆ ಏನು, ಇನ್ನೊಂದರಲೆ?"

ಅವ್ವ ಹೊಡೆಯಲು ಎದ್ದಳು. ನಾನು ಮಾವನ ಕೈಯಿಂದ ಬೀಡಿ ಕಿತ್ತು ಮುರಿದೆ. ಹಿರಿಯರಿಗೆ ಎದುರಾಡಿದೆನೆಂದು ಮಾವ ಸಿಟ್ಟಾಗಿ ಎದ್ದುಹೋದ. ಹೋಗಲಿ ಎಂದೆ, ಇವತ್ತಿಗೂ ಹಾಗೇ ಅನ್ನುತ್ತೇನೆ.

ಮಕ್ಕಳಿಗೆ ಬುದ್ಧಿ ಹೇಳಿ ಎಂದು ಎಲ್ಲರೂ ಹೇಳುತ್ತಾರೆ. ಬುದ್ಧಿ ಆಮೇಲೆ. ಮೊದಲು ಅವರ ಕೈಯಿಂದ ಬೀಡಿ ತರಿಸುವುದನ್ನು, ಸೇಂದಿ ತರಿಸುವುದನ್ನು ಬಿಡಿ. ನಾವು ಅರಳೆಗೆ ಕಿಡಿ ತಾಗದಂತೆ ಅಷ್ಟು ನಿಯಮ ಮಾಡಿದವರು, ಮಗುವಿನ ಬಾಯಿಗೆ ಒಂದು ನಿಯಮ ಮಾಡಲಿಲ್ಲ. ಅಷ್ಟಕ್ಕೇನಾಗುತ್ತದೆ ಎನ್ನುವವರು ಬರಲಿ, ನನ್ನ ತಂಗಿಯ ಅಂಗೈ ತೋರಿಸುತ್ತೇನೆ.

ಮಾವ ಎದ್ದುಹೋದ ಅವತ್ತೇ, ಅವ್ವ ಬಚ್ಚಿಟ್ಟ ಸೂಜಿ ಹುಡುಕಿ ತಂದು ತಂಗಿಯ ಎಡಗೈಯಲ್ಲಿಟ್ಟೆ. ಗದ್ದಲ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ಓಣಿಯವರಿಗೂ ಕೇಳಲೆಂದು ಗಟ್ಟಿಯಾಗಿ ಹೇಳಿದೆ:

"ಮಾಬವ್ವ, ನಿನಗ ಕಲಿಸಿದಾಂವ ನಾನು. ಗೊತ್ತಿಲ್ಲ ಅಂತ ಸುಳ್ಳು ಹೇಳಿದಾಂವನೂ ನಾನು. ಇವತ್ತಿಂದ ನಾ ಸೇದೂದಿಲ್ಲ. ನಂದ ತಪ್ಪಾತವ್ವ ತಂಗಿ."