ಹಿಯರ್, ಲಿಸನ್ ಮತ್ತು ಅಕ್ಕನ ಫೋನು

ಮದುವೆಯಾಗಿ ಧಾರವಾಡದಿಂದ ವಿಜಯವಾಡದ ಪಟಮಟಕ್ಕೆ ಬಂದ ಮೇಲೆ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಗಂಡ, ಅತ್ತೆ, ತರಕಾರಿಯವಳು ಎಲ್ಲರ ಜೊತೆಗೂ ತೆಲುಗು ಆಡಿದರೂ ಮಗಳ ಜೊತೆ ಕನ್ನಡವನ್ನೇ ಆಡುವುದು. ಅವಳು ಮಾತ್ರ ಉತ್ತರ ಕೊಡುವುದು ತೆಲುಗಿನಲ್ಲಿ. ಅದಕ್ಕೆ ಬೈದದ್ದೂ ಉಂಟು.

ಏಳನೇ ತರಗತಿಯ ಅವಳಿಗೆ ಮೊನ್ನೆ ಶಾಲೆಯಲ್ಲಿ ‘ಹಿಯರ್’ ಮತ್ತು ‘ಲಿಸನ್’ ಎಂಬ ಇಂಗ್ಲಿಷ್ ಪದಗಳ ವ್ಯತ್ಯಾಸ ಬರೆದು ತರಲು ಹೇಳಿದ್ದರು. ನಾನೇ ವಿವರಿಸಿದೆ.

“ಸಪ್ಪಳ ತಾನಾಗೇ ಕಿವಿಗೆ ಬಿದ್ರ ಹಿಯರ್. ಮನಸ್ಸಿಟ್ಟು ಕೇಳಿದ್ರ ಲಿಸನ್. ಒಂದೊಂದು ಉದಾಹರಣೆ ನೀನ ಬರಿ.”

ಅವಳು ಆಡಲು ಹೋದಾಗ ನೋಟ್‌ಬುಕ್ ತೆರೆದು ನೋಡಿದೆ. ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳು: ಅಮ್ಮನ ಕನ್ನಡ ನನಗೆ ದಿನವಿಡೀ ಹಿಯರ್ ಆಗುತ್ತದೆ. ಅವಳು ದೊಡ್ಡಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಲಿಸನ್ ಮಾಡುತ್ತೇನೆ, ಏಕೆಂದರೆ ಆಗ ಅವಳು ನಗುತ್ತಾಳೆ.

ಮೊದಲು ಸಿಟ್ಟು ಬಂತು. ಆಮೇಲೆ, ಬೆಳಗಿನಿಂದ ಅವಳ ಜೊತೆ ನಾನು ಆಡಿದ್ದ ಕನ್ನಡವನ್ನೆಲ್ಲ ನೆನೆದುಕೊಂಡೆ. ಏಳು. ಹಲ್ಲು ತಿಕ್ಕು. ಟಿವಿ ಬಂದ್ ಮಾಡು. ಎಷ್ಟ ಸಲ ಹೇಳಬೇಕು ನಿನಗ.

ಸಂಜೆ ಧಾರವಾಡದಿಂದ ಅಕ್ಕ ಫೋನ್ ಮಾಡಿದಾಗ ಎಂದಿನಂತೆ ಬಾಲ್ಕನಿಗೆ ಹೋಗಲಿಲ್ಲ. ಸ್ಪೀಕರಿಗೆ ಹಾಕಿ ಮಗಳ ಪಕ್ಕದಲ್ಲೇ ಕೂತೆ. ಅಕ್ಕ ತನ್ನ ಪಕ್ಕದ ಮನೆಯ ಸುದ್ದಿ ತೆಗೆದಳು. ನಾನು ನಗುವ ಮೊದಲೇ ಮಗಳು ನಕ್ಕಳು.